ಸತ್ತವರಿಗೆ ಬಾಗಿಲು, ಬದುಕಿರುವವರಿಗೆ ಬೀಗ: ಬೇಸ್‌ಬಾಲ್ ಹಾಲ್ ಆಫ್ ಫೇಮ್‌ನಲ್ಲಿ ಏನಾಗುತ್ತಿದೆ?

2025ರ ಮೇ 13ರಂದು ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನ ಕಮಿಷನರ್ ರಾಬ್ ಮ್ಯಾನ್‌ಫ್ರೆಡ್ ಒಂದು ತೀರ್ಮಾನ ಪ್ರಕಟಿಸಿದರು. ಬೆಟ್ಟಿಂಗ್ ಆಡಿ ಆಜೀವ ನಿಷೇಧಕ್ಕೆ ಒಳಗಾಗಿದ್ದ ಪೀಟ್ ರೋಸ್ ಅವರ ಹೆಸರನ್ನು ನಿಷೇಧಿತರ ಪಟ್ಟಿಯಿಂದ ತೆಗೆಯಲಾಯಿತು. ಅಷ್ಟರಲ್ಲಿ ರೋಸ್ ತೀರಿಕೊಂಡು ಏಳು ತಿಂಗಳು ದಾಟಿತ್ತು.

ಅದೇ ವರ್ಷ ಡಿಸೆಂಬರ್ 7ರಂದು ಇನ್ನೊಂದು ಸುದ್ದಿ. 762 ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್ ಥರ ಚೆಂಡನ್ನು ಬೇಲಿಯಾಚೆ ಹೊಡೆಯುವುದು) ಹೊಡೆದ ಬ್ಯಾರಿ ಬಾಂಡ್ಸ್ ಅವರಿಗೆ ಹಾಲ್ ಆಫ್ ಫೇಮ್ ಸಮಿತಿಯ 16 ಮತಗಳಲ್ಲಿ ಐದೂ ಸಿಗಲಿಲ್ಲ. ಹೊಸ ನಿಯಮದ ಪ್ರಕಾರ 2031ರವರೆಗೆ ಅವರ ಹೆಸರನ್ನು ಮತ್ತೆ ಪರಿಗಣಿಸುವಂತಿಲ್ಲ. ಆಮೇಲೆ 2026ರ ಜನವರಿಯಲ್ಲಿ ಕಾರ್ಲೋಸ್ ಬೆಲ್ಟ್ರಾನ್ ಆಯ್ಕೆಯಾದರು. ಎದುರಾಳಿಗಳ ಸನ್ನೆ ಕದ್ದ ಹಗರಣದ ತನಿಖಾ ವರದಿಯಲ್ಲಿ ಹೆಸರು ಬಂದಿದ್ದ ಒಬ್ಬನೇ ಆಟಗಾರ ಇವರು.

ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ತಲೆ ಕೆಡುತ್ತದೆ. ಬೆಟ್ ಕಟ್ಟಿದವರಿಗೆ ದಾರಿ ತೆರೆದಿದೆ, ಸನ್ನೆ ಕದ್ದ ತಂಡದವರು ಒಳಗೆ ಹೋದರು, ಸ್ಟೀರಾಯ್ಡ್ ಅನುಮಾನ ಇರುವವರು ಹೊರಗೇ ಉಳಿದರು. ಅನಿಲ್ ಕುಂಬ್ಳೆ 2015ರಲ್ಲಿ, ರಾಹುಲ್ ದ್ರಾವಿಡ್ 2018ರಲ್ಲಿ ಐಸಿಸಿ ಹಾಲ್ ಆಫ್ ಫೇಮ್ ಸೇರಿದಾಗ ನಾವು ಚಪ್ಪಾಳೆ ತಟ್ಟಿ ಸುಮ್ಮನಾದೆವು. ಬೇಸ್‌ಬಾಲ್‌ನಲ್ಲಿ ಮಾತ್ರ ಇದು ಪ್ರತಿ ವರ್ಷದ ಜಗಳ. ಯಾಕೆ ಅಂತ ತಿಳಿಯಬೇಕಾದರೆ ಒಳಗೆ ಹೋಗುವ ದಾರಿಯಿಂದಲೇ ಶುರು ಮಾಡಬೇಕು.

ಎರಡು ಬಾಗಿಲು

ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್ ಎಂಬ ಸಣ್ಣ ಊರಿನಲ್ಲಿ ಈ ಹಾಲ್ ಇದೆ. ಮೊದಲ ಆಯ್ಕೆ ನಡೆದದ್ದು 1936ರಲ್ಲಿ, ಕಟ್ಟಡ ತೆರೆದದ್ದು 1939ರಲ್ಲಿ. ಇದನ್ನು ನಡೆಸುವುದು ಮೇಜರ್ ಲೀಗ್ ಅಲ್ಲ, ಲಾಭದ ಉದ್ದೇಶವಿಲ್ಲದ ಒಂದು ಖಾಸಗಿ ಸಂಸ್ಥೆ. ಒಳಗೆ ಎರಡು ಭಾಗ. ಒಂದು ಕಡೆ ಬ್ಯಾಟು, ಚೆಂಡು, ಜೆರ್ಸಿ ಇಟ್ಟಿರುವ ಮ್ಯೂಸಿಯಂ. ಇನ್ನೊಂದು ಕಡೆ ಆಯ್ಕೆಯಾದವರ ಕಂಚಿನ ಫಲಕಗಳ ಗ್ಯಾಲರಿ. ಜಗಳವೆಲ್ಲ ಈ ಗ್ಯಾಲರಿಯದ್ದು.

ಇಲ್ಲಿಗೆ ಬರುವ ಮೊದಲ ದಾರಿ ಪತ್ರಕರ್ತರ ಮತದಾನ. ಬೇಸ್‌ಬಾಲ್ ಬರಹಗಾರರ ಸಂಘದಲ್ಲಿ ಹತ್ತು ವರ್ಷ ಸದಸ್ಯರಾಗಿದ್ದವರಿಗೆ ಮತ ಇರುತ್ತದೆ. ಈಗ ಸುಮಾರು 400 ಮಂದಿ ಮತ ಹಾಕುತ್ತಾರೆ. ಆಟಗಾರ ಕನಿಷ್ಠ ಹತ್ತು ಸೀಸನ್ ಆಡಿರಬೇಕು, ನಿವೃತ್ತರಾಗಿ ಐದು ವರ್ಷ ಆಗಿರಬೇಕು. ಒಬ್ಬ ಮತದಾರ ಹೆಚ್ಚೆಂದರೆ ಹತ್ತು ಹೆಸರಿಗೆ ಗುರುತು ಹಾಕಬಹುದು. ಗೆಲ್ಲಲು 75 ಶೇಕಡ ಬೇಕು. 5 ಶೇಕಡಕ್ಕಿಂತ ಕಡಿಮೆ ಬಂದರೆ ಪಟ್ಟಿಯಿಂದಲೇ ಔಟ್. ಹತ್ತು ವರ್ಷ ಆದರೂ ಗೆಲ್ಲದಿದ್ದರೆ ಆ ದಾರಿ ಮುಗಿಯಿತು.

ಖಾಲಿ ಬಿಟ್ಟ ಮತಪತ್ರವೂ ಲೆಕ್ಕಕ್ಕೆ ಬರುತ್ತದೆ ಅನ್ನುವುದು ಇಲ್ಲಿಯ ಒಂದು ವಿಚಿತ್ರ. 2021ರಲ್ಲಿ 401 ಮತಪತ್ರಗಳ ಪೈಕಿ 14 ಪೂರ್ತಿ ಖಾಲಿ ಬಂದವು. ಆ ವರ್ಷ ಯಾರೂ ಆಯ್ಕೆಯಾಗಲಿಲ್ಲ. ಯಾರಿಗೂ ಮತ ಹಾಕದವನು ಎಲ್ಲರ ಶೇಕಡವನ್ನೂ ಇಳಿಸುತ್ತಾನೆ. ಅಂದರೆ ಮುನಿಸಿಗೂ ಇಲ್ಲಿ ಮತದ ಬೆಲೆ ಇದೆ.

ಎರಡನೇ ದಾರಿ 16 ಮಂದಿಯ ಸಮಿತಿ. ಪತ್ರಕರ್ತರ ಕೈ ತಪ್ಪಿದವರನ್ನು ಇದು ನೋಡುತ್ತದೆ. ಆಟಗಾರ ಆಡಿದ ಕಾಲಕ್ಕೆ ತಕ್ಕಂತೆ ಸಮಿತಿಯೂ ಬೇರೆ, ಅದು ಸೇರುವ ವರ್ಷವೂ ಬೇರೆ. ಈಗಾಗಲೇ ಹಾಲ್ ಸೇರಿರುವ ಹಿರಿಯ ಆಟಗಾರರು, ತಂಡಗಳ ಅಧಿಕಾರಿಗಳು, ಅನುಭವಿ ಪತ್ರಕರ್ತರು ಇದರಲ್ಲಿರುತ್ತಾರೆ. ಮುಂದೆ ಎಂಟು ಹೆಸರು ಇರುತ್ತವೆ. 12 ಮತ ಬಿದ್ದರೆ ಆಯ್ಕೆ.

ಮತದಾರರಿಗೆ ಕೊಟ್ಟಿರುವ ಸೂಚನೆಯಲ್ಲೇ ಜಗಳದ ಬೀಜ ಇದೆ. ಆಟಗಾರನ ದಾಖಲೆ, ಸಾಮರ್ಥ್ಯ, ಪ್ರಾಮಾಣಿಕತೆ, ಕ್ರೀಡಾ ಮನೋಭಾವ, ನಡತೆ, ತಂಡಕ್ಕೆ ಕೊಟ್ಟ ಕೊಡುಗೆ ಇವೆಲ್ಲವನ್ನೂ ನೋಡಿ ಮತ ಹಾಕಬೇಕು. ಯಾವುದಕ್ಕೆ ಎಷ್ಟು ತೂಕ? ಅದನ್ನು ಎಲ್ಲೂ ಹೇಳಿಲ್ಲ. ಚೆನ್ನಾಗಿ ಆಡಿದವರು ಯಾರು, ಒಳ್ಳೆಯವರು ಯಾರು ಅನ್ನುವ ಎರಡು ಬೇರೆ ಬೇರೆ ಪ್ರಶ್ನೆಗೆ ಒಂದೇ ಮತಪತ್ರದಲ್ಲಿ ಉತ್ತರ ಕೇಳಿದ್ದಾರೆ. ನನ್ನ ಪ್ರಕಾರ ಮುಕ್ಕಾಲು ಪಾಲು ಗೊಂದಲಕ್ಕೆ ಇದೇ ಕಾರಣ.

ರೋಸ್ ಮಾಡಿದ್ದೇನು?

ಪೀಟ್ ರೋಸ್ ಅವರ 4256 ಹಿಟ್‌ಗಳ (ಚೆಂಡು ಹೊಡೆದು ಔಟಾಗದೇ ಬೇಸ್, ಅಂದರೆ ಓಟದ ನೆಲೆ, ತಲುಪುವುದು) ದಾಖಲೆಯನ್ನು ಯಾರೂ ಮುಟ್ಟಿಲ್ಲ. 3562 ಪಂದ್ಯ ಆಡಿದ್ದೂ ದಾಖಲೆಯೇ. ಆಟದ ಲೆಕ್ಕ ಮಾತ್ರ ಹಿಡಿದರೆ ಚರ್ಚೆಯೇ ಬೇಕಿಲ್ಲ.

ಆದರೆ ಸಿನ್ಸಿನಾಟಿ ರೆಡ್ಸ್ ತಂಡದ ಮ್ಯಾನೇಜರ್ (ಮುಖ್ಯ ಕೋಚ್) ಆಗಿದ್ದಾಗ ಅವರು ತಮ್ಮದೇ ತಂಡದ ಪಂದ್ಯಗಳ ಮೇಲೆ ಬೆಟ್ ಕಟ್ಟಿದರು. 1987ರಲ್ಲಿ 52 ರೆಡ್ಸ್ ಪಂದ್ಯಗಳ ಮೇಲೆ ಹಣ ಹಾಕಿದ್ದಾರೆ ಎಂದು ವಕೀಲ ಜಾನ್ ಡೌಡ್ ಅವರ ತನಿಖಾ ವರದಿ ಹೇಳಿತು. 1989ರ ಆಗಸ್ಟ್ 24ರಂದು ನಿಷೇಧ ಬಂತು. ರೋಸ್ ಸುಮಾರು 15 ವರ್ಷ ಇಲ್ಲ ಇಲ್ಲ ಎಂದು, 2004ರಲ್ಲಿ ಒಪ್ಪಿಕೊಂಡರು. ತಂಡದ ವಿರುದ್ಧ ಯಾವತ್ತೂ ಬೆಟ್ ಕಟ್ಟಿಲ್ಲ, ಗೆಲ್ಲುತ್ತೇವೆ ಅಂತಲೇ ಕಟ್ಟಿದ್ದು ಎಂಬುದು ಅವರ ಸಮರ್ಥನೆ.

ಗೆಲುವಿನ ಮೇಲೆ ಕಟ್ಟಿದರೆ ತಪ್ಪೇನು ಅಂತ ಬಹಳ ಜನ ಕೇಳುತ್ತಾರೆ. ಬೇಸ್‌ಬಾಲ್ ಸೀಸನ್‌ನಲ್ಲಿ ಒಂದು ತಂಡಕ್ಕೆ 162 ಪಂದ್ಯ. ಹೆಚ್ಚುಕಡಿಮೆ ದಿನಾ ಆಟ. ಯಾವ ಪಿಚರ್‌ಗೆ (ಚೆಂಡು ಎಸೆಯುವವರಿಗೆ) ಇವತ್ತು ರೆಸ್ಟ್, ಯಾರನ್ನು ನಾಳೆಗೆ ಉಳಿಸಿಕೊಳ್ಳಬೇಕು ಅಂತ ಮ್ಯಾನೇಜರ್ ದಿನವೂ ಲೆಕ್ಕ ಹಾಕುತ್ತಿರುತ್ತಾರೆ. ಇವತ್ತಿನ ಪಂದ್ಯದ ಮೇಲೆ ದುಡ್ಡು ಇದ್ದರೆ, ದಣಿದ ಪಿಚರ್‌ನನ್ನು ಇನ್ನೊಂದು ಇನಿಂಗ್ಸ್ (ಇಲ್ಲಿ ಒಂದು ಪಂದ್ಯಕ್ಕೆ ಒಂಬತ್ತು) ಎಳೆಯುವ ಆಸೆ ಹುಟ್ಟುತ್ತದೆ. ನಾಳೆಯ ಪಂದ್ಯ ಹಾಳಾಗುತ್ತದೆ, ಆ ಹುಡುಗನ ಭುಜವೂ ಹೋಗಬಹುದು. ಇನ್ನೊಂದು ಅಪಾಯ ಇದೆ. ಮ್ಯಾನೇಜರ್ ಒಂದು ದಿನ ಬೆಟ್ ಕಟ್ಟದೇ ಸುಮ್ನೆ ಇದ್ದರೆ, ಇವತ್ತು ಇವರಿಗೇ ನಂಬಿಕೆ ಇಲ್ಲ ಅನ್ನುವುದು ಬುಕ್ಕಿಗೆ ಗೊತ್ತಾಗುತ್ತದೆ. ಜೊತೆಗೆ ಬುಕ್ಕಿಗೆ ಸಾಲ ಉಳಿಸಿಕೊಂಡ ಮ್ಯಾನೇಜರ್ ಅವನ ಮಾತು ಕೇಳಬೇಕಾಗುತ್ತದೆ.

ಈ ಭಯ ಕಲ್ಪನೆಯಲ್ಲ. 1919ರ ವರ್ಲ್ಡ್ ಸೀರೀಸ್‌ನಲ್ಲಿ, ಅಂದರೆ ಸೀಸನ್‌ನ ಫೈನಲ್ ಸರಣಿಯಲ್ಲಿ, ಶಿಕಾಗೊ ವೈಟ್ ಸಾಕ್ಸ್ ಆಟಗಾರರು ಜೂಜುಕೋರರ ಜೊತೆ ಕೈಜೋಡಿಸಿ ಸೋತ ಹಗರಣ ನಡೆದಿತ್ತು. ಕೋರ್ಟ್ ಖುಲಾಸೆ ಮಾಡಿದರೂ 1921ರಲ್ಲಿ ಕಮಿಷನರ್ ಕೆನೆಸಾ ಮೌಂಟನ್ ಲ್ಯಾಂಡಿಸ್ ಎಂಟು ಮಂದಿಯನ್ನು ಶಾಶ್ವತವಾಗಿ ಹೊರಹಾಕಿದರು. ಅವರಲ್ಲಿ 'ಶೂಲೆಸ್' ಜೋ ಜ್ಯಾಕ್ಸನ್ ಒಬ್ಬರು. ಸ್ವಂತ ತಂಡದ ಪಂದ್ಯದ ಮೇಲೆ ಬೆಟ್ ಕಟ್ಟಿದರೆ ಶಾಶ್ವತ ನಿಷೇಧ ಎಂಬ ನಿಯಮ ಡ್ರೆಸ್ಸಿಂಗ್ ರೂಮ್ ಗೋಡೆಯ ಮೇಲೆ ಅಂಟಿಸಿರುತ್ತದೆ. ರೋಸ್ ಅದನ್ನು ವರ್ಷಗಟ್ಟಲೆ ದಿನಾ ನೋಡಿದ್ದರು.

1991ರಲ್ಲಿ ಹಾಲ್ ಆಫ್ ಫೇಮ್ ತನ್ನದೇ ಒಂದು ನಿಯಮ ಸೇರಿಸಿತು. ನಿಷೇಧಿತರ ಪಟ್ಟಿಯಲ್ಲಿರುವವರು ಮತಪತ್ರಕ್ಕೆ ಬರುವಂತಿಲ್ಲ. ರೋಸ್ ಹೆಸರು ಮೊದಲ ಸಲ ಬರಬೇಕಿದ್ದ ಹೊತ್ತಿಗೆ ಸರಿಯಾಗಿ ಇದು ಬಂತು. ಹಾಗಾಗಿ ಪತ್ರಕರ್ತರಿಗೆ ಅವರ ಬಗ್ಗೆ ತೀರ್ಪು ಕೊಡುವ ಅವಕಾಶವೇ ಸಿಗಲಿಲ್ಲ.

ಈಗ ಮ್ಯಾನ್‌ಫ್ರೆಡ್ ಹೇಳುವುದು ಸರಳ. ಬದುಕಿಲ್ಲದ ವ್ಯಕ್ತಿಯಿಂದ ಆಟದ ಪ್ರಾಮಾಣಿಕತೆಗೆ ಅಪಾಯ ಇಲ್ಲ, ಜೀವನಪೂರ್ತಿ ನಿಷೇಧಕ್ಕಿಂತ ಹೆದರಿಕೆ ಹುಟ್ಟಿಸುವ ಶಿಕ್ಷೆಯೂ ಇಲ್ಲ. ಈ ತರ್ಕದ ಮೇಲೆ ರೋಸ್, ಜ್ಯಾಕ್ಸನ್ ಸೇರಿ 17 ಮಂದಿಯ ಹೆಸರು ಒಟ್ಟಿಗೆ ಪಟ್ಟಿಯಿಂದ ಹೊರಬಂದವು. ಅರ್ಜಿ ಹಾಕಿದ್ದು ರೋಸ್ ಕುಟುಂಬದ ಪರವಾಗಿ. ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಕೂಡ ರೋಸ್ ಪರ ಬಹಿರಂಗವಾಗಿ ಮಾತಾಡಿದ್ದರು. ತೀರ್ಮಾನ ಬಂದ ಹೊತ್ತನ್ನು ಟೀಕಾಕಾರರು ಪ್ರಶ್ನಿಸಿದ್ದು ಈ ಕಾರಣಕ್ಕೇ.

ಇನ್ನೊಂದು ಮಾತೂ ಇದೆ. 2018ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕ್ರೀಡಾ ಬೆಟ್ಟಿಂಗ್‌ಗೆ ರಾಜ್ಯಗಳು ಅನುಮತಿ ಕೊಡಬಹುದು ಎಂದ ಮೇಲೆ ಲೀಗ್ ಸ್ವತಃ ಬೆಟ್ಟಿಂಗ್ ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಂಡಿದೆ. ಪಂದ್ಯದ ನಡುವೆ ಬೆಟ್ಟಿಂಗ್ ಜಾಹೀರಾತು ಬರುತ್ತದೆ. ಆದರೆ ಆಟಗಾರರಿಗೆ ನಿಯಮ ಸಡಿಲ ಆಗಿಲ್ಲ. 2024ರ ಜೂನ್‌ನಲ್ಲಿ ಟುಕುಪಿಟಾ ಮಾರ್ಕಾನೊ ಎಂಬ ಯುವ ಆಟಗಾರ ಗಾಯಗೊಂಡು ಹೊರಗಿದ್ದಾಗ ತನ್ನ ತಂಡದ ಪಂದ್ಯಗಳ ಮೇಲೆ ಬೆಟ್ ಕಟ್ಟಿದ್ದಕ್ಕೆ ಆಜೀವ ನಿಷೇಧ ಅನುಭವಿಸಬೇಕಾಯಿತು.

ಬಾಂಡ್ಸ್ ಕತೆ ಬೇರೆ

ಬ್ಯಾರಿ ಬಾಂಡ್ಸ್ ಏಳು ಸಲ ಲೀಗ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿ ಗೆದ್ದವರು. 2001ರಲ್ಲಿ ಒಂದೇ ಸೀಸನ್‌ನಲ್ಲಿ 73 ಹೋಮ್ ರನ್ ಹೊಡೆದರು.

ಅವರನ್ನು ಕಂಡರೆ ಎದುರಾಳಿಗಳಿಗೆ ಎಷ್ಟು ಭಯ ಇತ್ತು ಅನ್ನುವುದಕ್ಕೆ 1998ರ ಮೇ 28ರ ಪಂದ್ಯ ನೋಡಬೇಕು. ಅರಿಜೋನಾ ತಂಡ 8-6ರಿಂದ ಮುಂದಿತ್ತು. ಕೊನೆಯ ಇನಿಂಗ್ಸ್, ಇಬ್ಬರು ಔಟ್, ಮೂರೂ ಬೇಸ್‌ಗಳಲ್ಲಿ ಓಟಗಾರರು. ಕ್ರೀಸಿಗೆ ಬಂದದ್ದು ಬಾಂಡ್ಸ್. ಪಿಚರ್ ನಾಲ್ಕು ಚೆಂಡನ್ನು ಹೊಡೆಯಲಾಗದ ಕಡೆ ಎಸೆದರೆ ಬ್ಯಾಟರ್ ಪುಕ್ಕಟೆಯಾಗಿ ಮೊದಲ ಬೇಸ್‌ಗೆ ನಡೆಯುತ್ತಾರೆ. ಬೇಸ್‌ಗಳೆಲ್ಲ ತುಂಬಿದ್ದರೆ ಎದುರಾಳಿಗೆ ಒಂದು ರನ್ ದಾನ. ಅರಿಜೋನಾ ಮ್ಯಾನೇಜರ್ ಬಕ್ ಶೋವಾಲ್ಟರ್ ಬೇಕೆಂದೇ ಅದನ್ನು ಮಾಡಿಸಿದರು. ರನ್ ಹೋದರೆ ಹೋಗಲಿ, ಬಾಂಡ್ಸ್ ಮಾತ್ರ ಬ್ಯಾಟ್ ಬೀಸುವುದು ಬೇಡ. ಮುಂದಿನ ಬ್ಯಾಟರ್ ಔಟಾದರು, 8-7ಕ್ಕೆ ಅರಿಜೋನಾ ಗೆದ್ದಿತು.

ಆ ಪಂದ್ಯದ ದಿನಾಂಕ ಮುಖ್ಯ. ಬಾಂಡ್ಸ್ ಸ್ಟೀರಾಯ್ಡ್ ಬಳಸಲು ಶುರು ಮಾಡಿದ್ದು 1998ರ ಸೀಸನ್ ಮುಗಿದ ಮೇಲೆ ಎಂಬುದು ಸಾಮಾನ್ಯವಾಗಿ ಕೇಳಿಬರುವ ಆರೋಪ. ಅಷ್ಟರಲ್ಲೇ ಅವರ ಬಳಿ ಮೂರು ಅತ್ಯುತ್ತಮ ಆಟಗಾರ ಪ್ರಶಸ್ತಿ, 411 ಹೋಮ್ ರನ್, 445 ಕದ್ದ ಬೇಸ್ (ಪಿಚರ್ ಎಸೆಯುವಾಗಲೇ ಓಡಿ ಮುಂದಿನ ಬೇಸ್ ಹಿಡಿಯುವುದು) ಇದ್ದವು. ಅಲ್ಲಿಗೇ ನಿಲ್ಲಿಸಿದ್ದರೂ ಹಾಲ್ ಆಫ್ ಫೇಮ್ ಗ್ಯಾರಂಟಿ ಇತ್ತು ಎಂದು ಅವರ ಪರ ಇರುವವರು ಹೇಳುತ್ತಾರೆ.

ನಿಯಮದ ವಿಷಯಕ್ಕೆ ಬಂದರೆ ರೋಸ್‌ಗೂ ಬಾಂಡ್ಸ್‌ಗೂ ದೊಡ್ಡ ವ್ಯತ್ಯಾಸ. 1991ರಲ್ಲಿ ಆಗಿನ ಕಮಿಷನರ್ ಫೇ ವಿನ್ಸೆಂಟ್ ಸ್ಟೀರಾಯ್ಡ್ ನಿಷಿದ್ಧ ಎಂದು ಸುತ್ತೋಲೆ ಕಳಿಸಿದ್ದರು. ಆದರೆ ಪರೀಕ್ಷೆ ಇರಲಿಲ್ಲ. 2003ರಲ್ಲಿ ಹೆಸರು ಗುಟ್ಟಾಗಿಟ್ಟು ಸಮೀಕ್ಷೆಯಂಥ ಪರೀಕ್ಷೆ ನಡೆಯಿತು. 2004ರಿಂದ ಶಿಕ್ಷೆಯ ವ್ಯವಸ್ಥೆ ಬಂತು. ಕಾಗದದಲ್ಲಿ ನಿಯಮ ಇದ್ದರೂ ಹಿಡಿಯುವವರೇ ಇರಲಿಲ್ಲ. ಬಾಂಡ್ಸ್ ಅವರನ್ನು ಈ ಕಾರಣಕ್ಕೆ ಲೀಗ್ ಒಂದು ದಿನವೂ ಅಮಾನತು ಮಾಡಿಲ್ಲ. ಕ್ರೀಡಾಪಟುಗಳಿಗೆ ಸ್ಟೀರಾಯ್ಡ್ ಪೂರೈಸಿದ ಬಾಲ್ಕೊ ಪ್ರಯೋಗಾಲಯದ ಪ್ರಕರಣದಲ್ಲಿ, ಹಚ್ಚಿಕೊಂಡ ವಸ್ತು ಸ್ಟೀರಾಯ್ಡ್ ಎಂದು ಗೊತ್ತಿರಲಿಲ್ಲ ಎಂದು ಅವರು ಗ್ರ್ಯಾಂಡ್ ಜೂರಿ ಮುಂದೆ ಹೇಳಿದ್ದರು. ನ್ಯಾಯಕ್ಕೆ ಅಡ್ಡಿ ಮಾಡಿದ ಆರೋಪದಲ್ಲಿ 2011ರಲ್ಲಿ ಬಂದ ತೀರ್ಪು 2015ರಲ್ಲಿ ರದ್ದಾಯಿತು. 354 ಪಂದ್ಯ ಗೆದ್ದ ಪಿಚರ್ ರೋಜರ್ ಕ್ಲೆಮೆನ್ಸ್ ಅವರದ್ದೂ ಹೆಚ್ಚುಕಡಿಮೆ ಇದೇ ಸ್ಥಿತಿ. ಸ್ಟೀರಾಯ್ಡ್ ಬಳಕೆ ಬಗ್ಗೆ ಲೀಗ್ ಮಾಡಿಸಿದ 2007ರ ಮಿಚೆಲ್ ವರದಿಯಲ್ಲಿ ಹೆಸರು ಬಂತು, ಅವರು ನಿರಾಕರಿಸಿದರು, ಸುಳ್ಳು ಹೇಳಿದ ಆರೋಪದಿಂದ 2012ರಲ್ಲಿ ಖುಲಾಸೆಯಾದರು.

2022ರಲ್ಲಿ ಪತ್ರಕರ್ತರ ಮುಂದೆ ಇಬ್ಬರಿಗೂ ಕೊನೆಯ ಅವಕಾಶ. ಬೇಕಿದ್ದದ್ದು 394ರಲ್ಲಿ 296 ಮತ. ಬಾಂಡ್ಸ್‌ಗೆ 260, ಕ್ಲೆಮೆನ್ಸ್‌ಗೆ 257 ಬಂದವು. ಅದೇ ದಿನ ಡೇವಿಡ್ ಓರ್ಟಿಜ್ ಮೊದಲ ಯತ್ನದಲ್ಲೇ ಗೆದ್ದರು. 2003ರ ಗುಟ್ಟಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದವರಲ್ಲಿ ಓರ್ಟಿಜ್ ಹೆಸರೂ ಇದೆ ಎಂದು 2009ರಲ್ಲಿ ವರದಿಯಾಗಿತ್ತು. ಆ ಫಲಿತಾಂಶಗಳನ್ನು ಪೂರ್ತಿ ನಂಬುವಂತಿಲ್ಲ ಎಂದು ಮ್ಯಾನ್‌ಫ್ರೆಡ್ ಆಮೇಲೆ ಹೇಳಿದ್ದು ಅವರಿಗೆ ನೆರವಾಯಿತು. ಎಲ್ಲರೂ ಇಷ್ಟಪಡುವ ನಗುಮುಖ ಓರ್ಟಿಜ್ ಅವರದ್ದು, ಪತ್ರಕರ್ತರ ಮೇಲೆ ಸಿಡುಕುವ ಸ್ವಭಾವ ಬಾಂಡ್ಸ್ ಅವರದ್ದು. ಮತ ಹಾಕುವವರು ಪತ್ರಕರ್ತರೇ ಅಲ್ವಾ?

ಬೇಡ ಅನ್ನುವವರ ವಾದ

ಇದನ್ನು ಸುಮ್ನೆ ಹಳೇ ತಲೆಗಳ ಹಠ ಎಂದು ತಳ್ಳಿಹಾಕುವುದು ತಪ್ಪು. ಔಷಧಿ ಮುಟ್ಟದೇ ಆಡಿದವರು ಏನೇನು ಕಳೆದುಕೊಂಡರು ಅನ್ನುವುದು ಅವರ ಮುಖ್ಯ ಪ್ರಶ್ನೆ. ಫ್ರೆಡ್ ಮೆಕ್‌ಗ್ರಿಫ್ 493 ಹೋಮ್ ರನ್ ಹೊಡೆದರು. ಅವರ ಮೇಲೆ ಯಾವ ಅನುಮಾನವೂ ಇರಲಿಲ್ಲ. ಆದರೆ ಸುತ್ತಲಿನವರು 60, 70 ಹೊಡೆಯುತ್ತಿದ್ದ ಕಾಲದಲ್ಲಿ ಅವರ ಮೂವತ್ತು ಚಿಲ್ಲರೆ ಯಾರ ಕಣ್ಣಿಗೂ ಬೀಳಲಿಲ್ಲ. ಹತ್ತು ವರ್ಷ ಪತ್ರಕರ್ತರ ಮತ ಸಾಲದೇ ಹೊರಗೆ ಉಳಿದರು. 2022ರ ಡಿಸೆಂಬರ್‌ನಲ್ಲಿ ಸಮಿತಿ 16ಕ್ಕೆ 16 ಮತ ಕೊಟ್ಟು ಅವರನ್ನು ಸೇರಿಸಿಕೊಂಡಿತು. ಮೇಲಿನ ಹಂತ ತಲುಪಲಾಗದೇ ಕೆಳಗಿನ ಲೀಗ್‌ಗಳಲ್ಲೇ ಉಳಿದವರ ಹೆಸರಂತೂ ನಮಗೆ ಗೊತ್ತೇ ಆಗುವುದಿಲ್ಲ.

ಹಾಲ್ ಸೇರಿರುವ ಹಿರಿಯರ ಭಾವನೆಯೂ ಇದೆ. 2017ರಲ್ಲಿ ಜೋ ಮಾರ್ಗನ್ ಮತದಾರರಿಗೆ ಪತ್ರ ಬರೆದು ಸ್ಟೀರಾಯ್ಡ್ ಬಳಸಿದವರನ್ನು ಸೇರಿಸಬೇಡಿ ಎಂದು ಕೇಳಿಕೊಂಡರು. ಅವರ ಥರದ ಹಿರಿಯರೇ ಈಗ 16 ಮಂದಿಯ ಸಮಿತಿಯಲ್ಲಿ ಕೂರುತ್ತಾರೆ. ಪತ್ರಕರ್ತರಲ್ಲಿ ಮೂರನೇ ಎರಡರಷ್ಟು ಜನ ಬಾಂಡ್ಸ್ ಪರ ಇದ್ದರು. ಸಮಿತಿಯಲ್ಲಿ ಮೂರನೇ ಒಂದೂ ಇಲ್ಲ.

ಈ ವಾದದಲ್ಲಿ ನನಗೆ ಒಪ್ಪಿಗೆಯಾಗದ ಭಾಗ ಒಂದಿದೆ. ಮೋಸ ಅನ್ನುವುದೇ ಅಳತೆಗೋಲು ಆದರೆ, ಚೆಂಡಿಗೆ ಜಾರುವ ಪದಾರ್ಥ ಹಚ್ಚಿ ಎಸೆಯುತ್ತಿದ್ದೆ ಎಂದು ತಾವೇ ಹೇಳಿಕೊಂಡ ಗೇಲಾರ್ಡ್ ಪೆರಿ 1991ರಲ್ಲಿ ಒಳಗೆ ಬಂದದ್ದು ಹೇಗೆ? ಬೆಲ್ಟ್ರಾನ್ ಆಡಿದ 2017ರ ಹ್ಯೂಸ್ಟನ್ ಆಸ್ಟ್ರೋಸ್ ತಂಡ ಎದುರಾಳಿ ಕ್ಯಾಚರ್ (ಬ್ಯಾಟರ್ ಹಿಂದೆ ಕೂರುವವರು) ಯಾವ ಚೆಂಡು ಎಸೆಯಬೇಕೆಂದು ಪಿಚರ್‌ಗೆ ತೋರಿಸುವ ಬೆರಳ ಸನ್ನೆಯನ್ನು ಕ್ಯಾಮೆರಾದಲ್ಲಿ ನೋಡುತ್ತಿತ್ತು. ಡಗ್ಔಟ್ (ಮೈದಾನದಂಚಿನಲ್ಲಿ ಆಟಗಾರರು ಕೂರುವ ಜಾಗ) ಪಕ್ಕದಲ್ಲಿ ಕಸದ ಡಬ್ಬ ಬಡಿದು ಬ್ಯಾಟರ್‌ಗೆ ಯಾವ ಚೆಂಡು ಬರುತ್ತದೆಂದು ತಿಳಿಸುತ್ತಿತ್ತು. 2020ರ ಜನವರಿಯಲ್ಲಿ ವರದಿ ಬಂದಾಗ ಬೆಲ್ಟ್ರಾನ್ ನ್ಯೂಯಾರ್ಕ್ ಮೆಟ್ಸ್ ಮ್ಯಾನೇಜರ್ ಹುದ್ದೆ ಬಿಟ್ಟರು, ಒಂದು ಪಂದ್ಯವನ್ನೂ ನಡೆಸದೇ. 2023ರಲ್ಲಿ ಅವರಿಗೆ ಸಿಕ್ಕಿದ್ದು 46.5 ಶೇಕಡ. ನಾಲ್ಕನೇ ಯತ್ನಕ್ಕೆ ಗೆದ್ದರು. ಸನ್ನೆ ಕದ್ದರೆ ಮೂರು ವರ್ಷ ಕಾಯಬೇಕು, ಸ್ಟೀರಾಯ್ಡ್ ಅನುಮಾನಕ್ಕೆ ಬಾಗಿಲೇ ಇಲ್ಲ. ಈ ದರಪಟ್ಟಿಯನ್ನು ಯಾರೂ ಬರೆದಿಲ್ಲ, ತಾನಾಗಿಯೇ ಆಗಿಬಿಟ್ಟಿದೆ.

ಕಣ್ಣು ಮುಚ್ಚಿಕೊಂಡವರಿಗೆ ಫಲಕ

1994ರಲ್ಲಿ ಆಟಗಾರರ ಮುಷ್ಕರದಿಂದ ವರ್ಲ್ಡ್ ಸೀರೀಸೇ ರದ್ದಾಯಿತು. ಪ್ರೇಕ್ಷಕರು ಮುನಿಸಿಕೊಂಡರು. 1998ರಲ್ಲಿ ಮಾರ್ಕ್ ಮೆಗ್ವೈರ್ 70, ಸ್ಯಾಮಿ ಸೋಸಾ 66 ಹೋಮ್ ರನ್ ಹೊಡೆದಾಗ ಮೈದಾನ ಮತ್ತೆ ತುಂಬಿತು. ತಂಡದ ಮಾಲೀಕರಿಗೂ ಟಿವಿಯವರಿಗೂ ಲಾಭ. ಆಗ ಆ ತೋಳುಗಳ ಬಗ್ಗೆ ಜೋರಾಗಿ ಕೇಳಿದವರು ಬಹಳ ಕಡಿಮೆ. ಈಗ ನಡತೆಯ ಬಗ್ಗೆ ಮತ ಹಾಕುವ ಪತ್ರಕರ್ತರಲ್ಲಿ ಎಷ್ಟೋ ಜನ ಆಗ ಅದೇ ಹೋಮ್ ರನ್ ಹಬ್ಬದ ವರದಿ ಬರೆದವರು.

ಆ ಕಾಲದ ಕಮಿಷನರ್ ಬಡ್ ಸೆಲಿಗ್ 2017ರಲ್ಲಿ ಹಾಲ್ ಆಫ್ ಫೇಮ್ ಸೇರಿದರು. ಮೆಗ್ವೈರ್ ಅವರ ಮ್ಯಾನೇಜರ್ ಟೋನಿ ಲರೂಸಾ 2014ರಲ್ಲೇ ಸೇರಿದ್ದರು. ಆಡಿಸಿದವರಿಗೆ ಫಲಕ, ಆಡಿದವರಿಗೆ ಬೀಗ. ಬಾಂಡ್ಸ್ ಹೆಸರು ಬರಬೇಕು ಎಂದು ನಾನು ಹೇಳುವುದಕ್ಕೆ ಅವರ ಅಂಕಿಗಳಿಗಿಂತ ಇದೇ ದೊಡ್ಡ ಕಾರಣ.

ನಡತೆಯ ಪ್ರಶ್ನೆ ಇನ್ನೂ ಹಿಂದಕ್ಕೆ ಹೋಗುತ್ತದೆ. ಬೆಟ್ಟಿಂಗ್ ಮೇಲೆ ಸಮರ ಸಾರಿದ ಲ್ಯಾಂಡಿಸ್ ಅವರ 24 ವರ್ಷದ ಅಧಿಕಾರದಲ್ಲಿ ಮೇಜರ್ ಲೀಗ್‌ನಲ್ಲಿ ಒಬ್ಬ ಕಪ್ಪು ಆಟಗಾರನೂ ಆಡಲಿಲ್ಲ. ಲ್ಯಾಂಡಿಸ್ 1944ರಿಂದ ಹಾಲ್‌ನಲ್ಲಿದ್ದಾರೆ. ಕಪ್ಪು ಆಟಗಾರರಿಗೇ ಇದ್ದ ನೀಗ್ರೋ ಲೀಗ್‌ಗಳ ಮಹಾ ಬ್ಯಾಟರ್ ಜಾಶ್ ಗಿಬ್ಸನ್ 1947ರ ಜನವರಿಯಲ್ಲಿ 35ನೇ ವಯಸ್ಸಿಗೆ ತೀರಿಕೊಂಡರು. ಮೂರು ತಿಂಗಳ ನಂತರ ಕಪ್ಪು ಆಟಗಾರ ಜಾಕಿ ರಾಬಿನ್ಸನ್ ಮೇಜರ್ ಲೀಗ್‌ನಲ್ಲಿ ಆಡಿ ಆ ಗೋಡೆ ಒಡೆದರು. 2024ರಲ್ಲಿ ಲೀಗ್ ಆ ಹಳೆಯ ಅಂಕಿಗಳನ್ನು ಅಧಿಕೃತ ದಾಖಲೆಗೆ ಸೇರಿಸಿದಾಗ ಗಿಬ್ಸನ್ ಅವರ .372 ಬ್ಯಾಟಿಂಗ್ ಸರಾಸರಿ ಟೈ ಕಾಬ್ ಅವರನ್ನು ಹಿಂದಿಕ್ಕಿ ಸಾರ್ವಕಾಲಿಕ ಮೊದಲ ಸ್ಥಾನಕ್ಕೆ ಬಂತು. ಕಡಿಮೆ ಪಂದ್ಯಗಳ ಲೆಕ್ಕ ಎಂದು ಕೆಲವರು ಆಕ್ಷೇಪಿಸಿದರು. ಜಾಸ್ತಿ ಪಂದ್ಯ ಆಡಲು ಬಿಡದವರು ಯಾರು ಅನ್ನುವುದನ್ನು ಮರೆತು ಹೇಳುವ ಮಾತು ಅದು.

ಐದು ಮತದ ಲೆಕ್ಕ

ಐದು ಮತವೂ ಸಿಗದವರನ್ನು ಹೊರಗಿಡುವ ಹೊಸ ನಿಯಮದ ಪರಿಣಾಮ ಇಲ್ಲಿ ಕಾಣುತ್ತದೆ. ಸಮಿತಿಯ ಒಬ್ಬ ಸದಸ್ಯ ಮೂರೇ ಹೆಸರಿಗೆ ಮತ ಹಾಕಬಹುದು. 16 ಮಂದಿ, ತಲಾ ಮೂರು, ಒಟ್ಟು 48 ಮತ. ಎಂಟು ಹೆಸರಿಗೆ ಹಂಚಿದರೆ ಸರಾಸರಿ ಆರು. 2025ರ ಡಿಸೆಂಬರ್‌ನಲ್ಲಿ ಜೆಫ್ ಕೆಂಟ್ 14 ಮತ ಪಡೆದು ಗೆದ್ದರು. ಕಾರ್ಲೋಸ್ ಡೆಲ್ಗಾಡೊಗೆ 9, ಡಾನ್ ಮ್ಯಾಟಿಂಗ್ಲಿ ಮತ್ತು ಡೇಲ್ ಮರ್ಫಿಗೆ ತಲಾ 6. ಇಲ್ಲಿಗೆ 35 ಮತ ಖರ್ಚಾಯಿತು. ಉಳಿದ ನಾಲ್ವರಿಗೆ ಹೆಚ್ಚೆಂದರೆ 13. ಎಲ್ಲರೂ ಐದರ ಕೆಳಗೆ ಬಿದ್ದರು.

ಸರಾಸರಿಯೇ ಆರು ಇರುವಾಗ ಐದರ ಗೆರೆ ಎಳೆದರೆ ಪ್ರತಿ ಸಲ ಸುಮಾರು ಅರ್ಧ ಪಟ್ಟಿ ಬೀಳಬಹುದು. ಹೀಗೆ ಬಿದ್ದವರು ಮುಂದಿನ ಸರದಿಗೆ ಬರುವಂತಿಲ್ಲ. ಮತ್ತೊಮ್ಮೆ ಬಂದು ಐದಕ್ಕಿಂತ ಕಡಿಮೆ ಪಡೆದರೆ ಶಾಶ್ವತವಾಗಿ ಮುಗಿಯಿತು. ಬಾಂಡ್ಸ್ ಮತ್ತು ಕ್ಲೆಮೆನ್ಸ್ ಚರ್ಚೆಯನ್ನು ಬೇಗ ಮುಗಿಸಲು ಮಾಡಿದ ನಿಯಮ ಇದು ಎಂದು ಹಲವರು ನಂಬುತ್ತಾರೆ. ಆದರೆ ಏಟು ಬಿದ್ದದ್ದು ಅವರಿಗೆ ಮಾತ್ರ ಅಲ್ಲ. 1981ರಲ್ಲಿ ವರ್ಷದ ಹೊಸ ಆಟಗಾರ, ವರ್ಷದ ಶ್ರೇಷ್ಠ ಪಿಚರ್ ಎರಡೂ ಪ್ರಶಸ್ತಿ ಗೆದ್ದು, ಲಾಸ್ ಏಂಜಲೀಸ್‌ನ ಮೆಕ್ಸಿಕನ್ ಸಮುದಾಯವನ್ನು ಮೈದಾನಕ್ಕೆ ಕರೆತಂದ ಫರ್ನಾಂಡೊ ವಲೆನ್ಜುವೆಲಾ ಅವರೂ ಬಿದ್ದರು. ಅವರ ಮೇಲೆ ಔಷಧಿಯ ಆರೋಪ ಏನೂ ಇರಲಿಲ್ಲ.

ಗೆದ್ದ ಕೆಂಟ್ ಬಾಂಡ್ಸ್ ಅವರ ಹಳೆಯ ಸಹ ಆಟಗಾರ. ಇಬ್ಬರಿಗೂ ಆಗುತ್ತಿರಲಿಲ್ಲ. 2002ರಲ್ಲಿ ಡಗ್ಔಟ್‌ನಲ್ಲೇ ಕೈಕೈ ಮಿಲಾಯಿಸಿದ್ದರು. 2000ರಲ್ಲಿ ಕೆಂಟ್ 125 ರನ್ ತಂದುಕೊಟ್ಟು ಅತ್ಯುತ್ತಮ ಆಟಗಾರ ಆದಾಗ ಹೆಚ್ಚಾಗಿ ಬಾಂಡ್ಸ್ ಬೆನ್ನಿಗೇ ಬ್ಯಾಟ್ ಮಾಡುತ್ತಿದ್ದರು. ಬಾಂಡ್ಸ್‌ಗೆ ಹೆದರಿ ಎದುರಾಳಿಗಳು ಪುಕ್ಕಟೆ ಬೇಸ್ ಕೊಡುತ್ತಿದ್ದರು. ಕೆಂಟ್ ಬಂದಾಗ ಬೇಸ್ ಮೇಲೆ ಓಟಗಾರ ತಯಾರಾಗಿ ನಿಂತಿರುತ್ತಿದ್ದರು.

ಮುಂದೇನು?

ರೋಸ್ ಮತ್ತು ಜ್ಯಾಕ್ಸನ್ ಹೆಸರು ಬರಬಹುದಾದ ಸಮಿತಿ 2027ರ ಡಿಸೆಂಬರ್‌ನಲ್ಲಿ ಸೇರುತ್ತದೆ. ಮೊದಲು ಎಂಟು ಹೆಸರಿನ ಪಟ್ಟಿಗೆ ಬರಬೇಕು, ಆಮೇಲೆ 12 ಮತ ಬೇಕು. ಪಟ್ಟಿಯಿಂದ ಹೆಸರು ತೆಗೆದ ಮಾತ್ರಕ್ಕೆ ಫಲಕ ಸಿಕ್ಕಿತು ಅಂತಲ್ಲ. ರೋಸ್ ಜೊತೆ ಆಡಿದವರು ಆ ಸಮಿತಿಯಲ್ಲಿ ಕುಳಿತರೆ ಗಾಳಿ ಅವರ ಕಡೆ ಬೀಸಬಹುದು.

ಬಾಂಡ್ಸ್ ಅವರಿಗೆ ಸಂಬಂಧಪಟ್ಟ ಸಮಿತಿ 2028ರಲ್ಲಿ ಅವರ ಹೆಸರಿಲ್ಲದೇ ಸೇರುತ್ತದೆ. ಹತ್ತು ವರ್ಷ ಪತ್ರಕರ್ತರ ಮುಂದೆ ನಿಂತು ಈಗ ಹೊರಬಿದ್ದ, 555 ಹೋಮ್ ರನ್‌ಗಳ ಮ್ಯಾನಿ ರಾಮಿರೆಜ್ ಹೆಸರು ಆಗ ಬರಬಹುದು. ಅವರು ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಶಿಕ್ಷೆ ಅನುಭವಿಸಿದವರು. 696 ಹೋಮ್ ರನ್‌ಗಳ ಅಲೆಕ್ಸ್ ರೋಡ್ರಿಗಸ್ 2014ರ ಇಡೀ ಸೀಸನ್ ಅಮಾನತಾಗಿದ್ದವರು. 2022ರಲ್ಲಿ ಅವರಿಗೆ 34.3 ಶೇಕಡ ಬಂದಿತ್ತು, 2025ರಲ್ಲಿ 37.1. ಈ ವೇಗದಲ್ಲಿ 75 ಮುಟ್ಟುವುದು ಕಷ್ಟ. ಪತ್ರಕರ್ತರ ಮುಂದೆ ಅವರ ಕೊನೆಯ ವರ್ಷ 2031. ಅದೇ ವರ್ಷದ ಡಿಸೆಂಬರ್‌ಗೆ ಬಾಂಡ್ಸ್ ಮತ್ತು ಕ್ಲೆಮೆನ್ಸ್ ಮತ್ತೆ ಅರ್ಹರಾಗುತ್ತಾರೆ. ಮೂವರೂ ಒಂದೇ ಪಟ್ಟಿಗೆ ಬಂದರೆ, ಅವರ ಬಗ್ಗೆ ಮೃದು ಧೋರಣೆ ಇರುವ ಕನಿಷ್ಠ ಐದು ಸದಸ್ಯರು ತಮ್ಮ ಮೂರು ಮತವನ್ನೂ ಅವರಿಗೇ ಹಾಕಬೇಕು. ಹಾಗೆ ಹಾಕದಿದ್ದರೆ ಒಬ್ಬರ ಮತವನ್ನು ಇನ್ನೊಬ್ಬರು ತಿಂದು, ಬಾಂಡ್ಸ್ ಮತ್ತು ಕ್ಲೆಮೆನ್ಸ್ ಎರಡನೇ ಸಲ ಐದರ ಕೆಳಗೆ ಬೀಳಬಹುದು. ಹಾಗೆ ಬಿದ್ದು, ನಿಯಮವೂ ಬದಲಾಗದಿದ್ದರೆ ಆಮೇಲೆ ಅವರ ಹೆಸರು ಯಾವ ಸಮಿತಿಯ ಮುಂದೆಯೂ ಬರುವುದಿಲ್ಲ.